ಬೆಂಕಿ ಆರಿಸುವವರ ಪ್ರಾಣಕ್ಕೆ ಹೊಣೆ ಯಾರು?

ಪ್ರತಿವರ್ಷವೂ ಏಪ್ರಿಲ್ ತಿಂಗಳ 14ನೆಯ ದಿನ ನಮ್ಮ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಒಂದು ಸ್ಮರಣ ಸಮಾರಂಭ ನಡೆಯುತ್ತದೆ. ಕರ್ತವ್ಯದಲ್ಲಿ ಮಡಿದ ಸಿಬ್ಬಂದಿಯ ನೆನಪಿಗೆ ಹೂಮಾಲೆ ಅರ್ಪಿಸಿ, ಮೌನವಾಗಿ ನಿಂತು ಗೌರವ ಸಲ್ಲಿಸುತ್ತಾರೆ. ಅಲ್ಲಿಂದ 20ನೆಯ ದಿನದವರೆಗೆ ಅಗ್ನಿಶಾಮಕ ಸಪ್ತಾಹ. ಇದು ಉಚಿತವಾದ ಆಚರಣೆಯೇ ಸರಿ. ಆದರೆ ಮಡಿದವರಿಗೆ ನಾವು ಸಲ್ಲಿಸಬೇಕಾದ ಋಣ ಇಷ್ಟರಿಂದಲೇ ತೀರುವುದೆ ಎಂಬ ಪ್ರಶ್ನೆಯನ್ನು ವಿಜ್ಞಾನದ ವಿದ್ಯಾರ್ಥಿಗಳಾದವರು ಕೇಳಿಕೊಳ್ಳಬೇಕು.

ಆ ದಿನವನ್ನು ಆರಿಸಿಕೊಂಡುದಕ್ಕೆ ಕಾರಣವಾದ ದುರಂತವನ್ನು ಮೊದಲು ನೋಡೋಣ. 1944ನೆಯ ಇಸವಿ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಅದರ ಒಡಲಿನಲ್ಲಿ ಸುಮಾರು 1,400 ಟನ್ ಸ್ಫೋಟಕ ವಸ್ತುಗಳಿದ್ದವು; ಕರಾಚಿಯಲ್ಲಿ ಹೇರಿಕೊಂಡ ಸಾವಿರಾರು ಹತ್ತಿಯ ಅಂಡಿಗೆಗಳೂ ಇದ್ದವು. ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಾಣಿಸಿತು. ಅಗ್ನಿಶಾಮಕ ದಳದವರು ಬಂದು ನೂರಾರು ಟನ್ ನೀರನ್ನು ಸುರಿದರು. ಆದರೂ ಬೆಂಕಿಯ ಮೂಲ ಸಿಕ್ಕಲಿಲ್ಲ. ಹಡಗನ್ನು ಬಂದರಿನಿಂದ ಹೊರಕ್ಕೆ ಸಾಗಿಸಬೇಕೆ, ಅಲ್ಲಿಯೇ ಮುಳುಗಿಸಬೇಕೆ, ಇನ್ನಷ್ಟು ನೀರು ಹೊಡೆಯಬೇಕೆ ಎಂಬ ವಿಚಾರದಲ್ಲಿ ಅಧಿಕಾರಿಗಳಲ್ಲಿ ಒಮ್ಮತ ಹುಟ್ಟುವ ಮೊದಲೇ, ಸಂಜೆ 4 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಂದು ಮಹಾಸ್ಫೋಟವಾಯಿತು. ನೂರಾರು ನಾಗರಿಕರೊಡನೆ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಅಸುನೀಗಿದರು.

ಈ 66 ಮಂದಿ ವೀರರೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವರ ಮರಣಕ್ಕೆ ಕಾರಣವೇನು? ಸ್ಫೋಟಕಗಳ ಜೊತೆಯಲ್ಲಿ ಹತ್ತಿಯನ್ನು ಹೇರಿದ ಅವಿವೇಕ, ಅಪಾಯ ಅರಿವಾದ ಮೇಲೂ ಒಬ್ಬನ ಆಜ್ಞೆಯಂತೆ ಎಲ್ಲರೂ ನಡೆಯುವ ಏರ್ಪಾಡು ಇಲ್ಲದಿದ್ದುದು, ಹಿಂದೆಗೆಯಬೇಕಾದ ಗಳಿಗೆಯನ್ನು ಯಾರೂ ಗೊತ್ತುಮಾಡದಿದ್ದುದು—ಇವೆಲ್ಲವೂ ಮನುಷ್ಯರಿಂದಾದ ಕಾರಣಗಳು. ಮನುಷ್ಯರಿಂದಾದುದನ್ನು ಮನುಷ್ಯರು ತಡೆಯಬಹುದು. ‘ವೀರಮರಣ’ ಎಂಬ ಮಾತು ಮಡಿದವನಿಗೆ ಗೌರವ ತರುತ್ತದೆ, ನಿಜ. ಆದರೆ ಎಷ್ಟೋ ಸಾರಿ ಅದು ವಿಚಾರಣೆಯ ಬಾಗಿಲನ್ನು ಮುಚ್ಚುವ ಮಾತೂ ಆಗಿಬಿಡುತ್ತದೆ. ಬೆಂಕಿ ಆರಿಸುವವರ ಸಾವನ್ನು ವಿಧಿಯ ಲೆಕ್ಕಕ್ಕೆ ಬರೆಯುವುದನ್ನು ಬಿಟ್ಟು, ಕಾರಣ-ಕಾರ್ಯಗಳ ಲೆಕ್ಕಕ್ಕೆ ಬರೆಯಬೇಕೆಂಬುದೇ ಈ ಲೇಖನದ ವಾದ.

ಬೆಂಕಿಯ ಲೆಕ್ಕಾಚಾರ

ಮುಚ್ಚಿದ ಕೋಣೆಯೊಂದರಲ್ಲಿ ಬೆಂಕಿ ಹತ್ತಿತೆಂದು ಇಟ್ಟುಕೊಳ್ಳೋಣ. ಬಿಸಿಯಾದ ಹೊಗೆ ಮೇಲೇರಿ ಚಾವಣಿಯ ಕೆಳಗೆ ಪದರವಾಗಿ ನಿಲ್ಲುತ್ತದೆ. ಆ ಪದರ ದಪ್ಪವಾಗುತ್ತ, ಕಾಯುತ್ತ ಹೋಗಿ, ಕೆಳಗಿನ ಸಾಮಾನುಗಳ ಮೇಲೆ ಶಾಖವನ್ನು ಸೂಸುತ್ತದೆ. ಅದರ ಉಷ್ಣತೆ ಸುಮಾರು 600 ಡಿಗ್ರಿ ಸೆಂಟಿಗ್ರೇಡಿಗೆ ಮುಟ್ಟಿದಾಗ ಕುರ್ಚಿ, ಮೇಜು, ಹಾಸಿಗೆ, ನೆಲಹಾಸುಗಳೆಲ್ಲ ಕೆಲವೇ ಕ್ಷಣಗಳಲ್ಲಿ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಈ ಘಟ್ಟಕ್ಕೆ ಫ್ಲ್ಯಾಷ್‌ಓವರ್ ಎಂದು ಹೆಸರು. ಆಗ ಕೋಣೆಯೊಳಗೆ ಇರುವವನು, ಎಂಥ ರಕ್ಷಾಕವಚ ತೊಟ್ಟಿದ್ದರೂ, ಬದುಕಿ ಬರುವುದು ದುರ್ಲಭ.

ಕಾಯ್ದ ವಸ್ತುವಿನಿಂದ ಹೊರಸೂಸುವ ಶಾಖವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ಹೊಗೆಯ ಪದರ 300 ಡಿಗ್ರಿಯಿಂದ 600 ಡಿಗ್ರಿಗೆ ಏರಿತೆಂದರೆ, ನಿರಪೇಕ್ಷ ಮಾನದಲ್ಲಿ 573ರಿಂದ 873ಕ್ಕೆ ಏರಿದಂತಾಯಿತು. ಅದು ಸೂಸುವ ಶಾಖವಾದರೋ ಐದು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ‘ಇನ್ನೂ ತಡೆದುಕೊಳ್ಳಬಹುದು’ ಎಂಬ ಸ್ಥಿತಿಗೂ ‘ತಡೆದುಕೊಳ್ಳಲಾಗದು’ ಎಂಬ ಸ್ಥಿತಿಗೂ ನಡುವಣ ಅಂತರ ಎಷ್ಟು ಕಿರಿದೆಂಬುದು ಇದರಿಂದ ತಿಳಿಯುತ್ತದೆ.

ಹಿಂದಿನ ಕಾಲದ ಮನೆಗಳಲ್ಲಿ ಸಾಮಾನುಗಳೆಲ್ಲ ಮರ, ಹತ್ತಿ, ತೆಂಗಿನ ನಾರುಗಳಿಂದ ಆದವು. ಈಗಿನ ಮನೆಗಳಲ್ಲಿ ಫೋಮಿನ ಹಾಸಿಗೆ, ಪ್ಲಾಸ್ಟಿಕ್ಕಿನ ಪೀಠೋಪಕರಣ, ಕೃತಕ ನೂಲಿನ ತೆರೆಗಳು ತುಂಬಿವೆ. ಅಮೆರಿಕದಲ್ಲಿ ಈ ಎರಡು ಬಗೆಯ ಕೋಣೆಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ ಬೆಂಕಿಯಿಟ್ಟು ನೋಡಿದ್ದಾರೆ. ಹಳೆಯ ರೀತಿಯ ಸಾಮಾನಿದ್ದ ಕೋಣೆ ಪೂರ್ತಿಯಾಗಿ ಹೊತ್ತಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯಿತು. ಹೊಸ ರೀತಿಯದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಹಿಂದೆ ಅಗ್ನಿಶಾಮಕ ವಾಹನ ಸ್ಥಳಕ್ಕೆ ಬರುವ ಹೊತ್ತಿಗೆ ಬೆಂಕಿ ಎಳೆಯದಾಗಿರುತ್ತಿತ್ತು. ಈಗ ಭಟರು ಬಾಗಿಲು ತೆರೆಯುವ ಹೊತ್ತಿಗೆ ಅದು ಗಾಳಿಗಾಗಿ ಹಸಿದು ಕಾದಿರುತ್ತದೆ. ಬಾಗಿಲು ತೆರೆದೊಡನೆ ಹೊಸ ಗಾಳಿ ನುಗ್ಗಿ ಉರಿ ಭುಗಿಲೇಳುತ್ತದೆ. 2012ರಲ್ಲಿ ನ್ಯೂಯಾರ್ಕ್ ನಗರದ ಗವರ್ನರ್ಸ್ ದ್ವೀಪದಲ್ಲಿ ಖಾಲಿ ಮನೆಗಳಿಗೆ ಬೆಂಕಿಯಿಟ್ಟು ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದವು. ಕಿಟಕಿ ಬಾಗಿಲುಗಳನ್ನು ಯಾವಾಗ ತೆರೆಯಬೇಕು, ಹೊರಗಿನಿಂದ ಮೊದಲು ನೀರು ಹೊಡೆದು ಬಳಿಕ ಹೇಗೆ ಒಳಹೊಗಬೇಕು ಎಂಬ ವಿಷಯದಲ್ಲಿ ಹಳೆಯ ಅಭ್ಯಾಸಗಳನ್ನು ತಿದ್ದಿಕೊಳ್ಳಬೇಕಾಯಿತು.

ಹೊಗೆಯ ವಿಷವೂ ಬದಲಾಗಿದೆ. ಇಂಗಾಲದ ಮೊನಾಕ್ಸೈಡು ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಫೋಮು, ನೈಲಾನು ಮೊದಲಾದ ನೈಟ್ರೊಜನ್ ಉಳ್ಳ ಪದಾರ್ಥಗಳು ಉರಿದಾಗ ಹೈಡ್ರೊಜನ್ ಸಯನೈಡೂ ಹುಟ್ಟುತ್ತದೆ. ಇವೆರಡೂ ಕೂಡಿದ ಹೊಗೆಯಲ್ಲಿ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ನುಗ್ಗುವುದು ಧೈರ್ಯವೆನಿಸಬಹುದು, ಆದರೆ ಅದರಿಂದ ರಕ್ಷಣೆ ದೊರೆಯದು. ಬಟ್ಟೆ ಈ ಅನಿಲಗಳನ್ನು ತಡೆಯಲಾರದು. ಬೆನ್ನಿಗೆ ಕಟ್ಟಿಕೊಂಡ ಗಾಳಿಯ ಸಿಲಿಂಡರೇ ಬೇಕು.

ಅದಕ್ಕೂ ಒಂದು ಮಿತಿಯುಂಟು. 6 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ ಗಾಳಿಯನ್ನು 300 ಪಟ್ಟು ಒತ್ತಿ ತುಂಬಿದರೆ ಸುಮಾರು 1,800 ಲೀಟರ್ ಗಾಳಿಯಾಯಿತು. ನಿಮಿಷಕ್ಕೆ 40 ಲೀಟರಿನಂತೆ ಉಸಿರಾಡಿದರೆ ಅದು 45 ನಿಮಿಷ ಬರುತ್ತದೆ. ಮೆಟ್ಟಿಲೇರುತ್ತ ಭಾರ ಎಳೆಯುತ್ತ ಏದುಸಿರು ಬಿಡುವವನಿಗೆ ನಿಮಿಷಕ್ಕೆ 80 ಲೀಟರ್ ಬೇಕಾದೀತು. ಅವನಿಗೆ ಅದು 22 ನಿಮಿಷಕ್ಕೆ ಮುಗಿಯುತ್ತದೆ. ಹೋದ ದಾರಿಯಲ್ಲೇ ಹಿಂದಿರುಗಲು ಬೇಕಾದ ಗಾಳಿಯನ್ನು ಅದರಲ್ಲಿಯೇ ಉಳಿಸಿಕೊಳ್ಳಬೇಕಷ್ಟೆ. ಆದುದರಿಂದ ಒಳಗೆ ಹೋದವರ ಹೆಸರು, ಹೋದ ಗಳಿಗೆ, ಸಿಲಿಂಡರಿನ ಒತ್ತಡ ಇವನ್ನು ಬರೆದಿಟ್ಟುಕೊಂಡು ಹೊರಗೆ ಒಬ್ಬನು ಕಾದಿರಬೇಕು. ಆ ಹಲಗೆಗೂ ಬಳಪಕ್ಕೂ ಆಗುವ ವೆಚ್ಚ ಅತ್ಯಲ್ಪ. ಅದು ಉಳಿಸಬಲ್ಲ ಪ್ರಾಣಗಳಿಗೆ ಬೆಲೆ ಕಟ್ಟಲಾಗದು.

ಕುಸಿಯುವ ಕಟ್ಟಡಗಳು

2015ರ ಮೇ 9ರಂದು ಮುಂಬಯಿಯ ಕಾಲಬಾದೇವಿ ಬಡಾವಣೆಯಲ್ಲಿ ಗೋಕುಲ್ ನಿವಾಸ ಎಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿಯೊಡನೆ ಸೆಣಸುತ್ತಿದ್ದಾಗ ಕಟ್ಟಡ ಕುಸಿಯಿತು. ಇಬ್ಬರು ಅಧಿಕಾರಿಗಳು ಅಲ್ಲಿಯೇ ಮಡಿದರು. ಇನ್ನಿಬ್ಬರು, ಅವರಲ್ಲಿ ನಗರದ ಮುಖ್ಯ ಅಗ್ನಿಶಾಮಕ ಅಧಿಕಾರಿಯೂ ಒಬ್ಬರು, ಆಸ್ಪತ್ರೆಯಲ್ಲಿ ಅಸುನೀಗಿದರು. 2020ರ ಜನವರಿ 2ರಂದು ದೆಹಲಿಯ ಪೀರಾಗಢಿಯಲ್ಲಿ ಕಾರ್ಖಾನೆಯ ಕಟ್ಟಡವೊಂದು ಬೆಂಕಿಯ ನಡುವೆ ಕುಸಿದು ಒಬ್ಬ ಅಗ್ನಿಶಾಮಕನನ್ನು ಬಲಿ ತೆಗೆದುಕೊಂಡಿತು.

ಕುಸಿತವು ಆಕಸ್ಮಿಕವೆಂದು ಹೊರಗೆ ನಿಂತವರಿಗೆ ತೋರುತ್ತದೆ. ಆದರೆ ಅದಕ್ಕೂ ನಿಯಮಗಳಿವೆ. ಉಕ್ಕಿನ ತೊಲೆ 600 ಡಿಗ್ರಿಯ ಸಮೀಪಕ್ಕೆ ಕಾಯ್ದರೆ ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಅದಕ್ಕೂ ಮೊದಲೇ, 10 ಮೀಟರ್ ಉದ್ದದ ತೊಲೆ 500 ಡಿಗ್ರಿಯಷ್ಟು ಬಿಸಿಯೇರಿದಾಗ, ಆರೇಳು ಸೆಂಟಿಮೀಟರ್ ಹಿಗ್ಗಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಮರದ ತೊಲೆ ಪ್ರತಿ ಮುಖದಿಂದಲೂ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಂತೆ ಕರಕಾಗುತ್ತ ಬರುತ್ತದೆ. 10 ಸೆಂಟಿಮೀಟರ್ ಅಗಲದ ತೊಲೆ ಎರಡು ಪಕ್ಕಗಳಿಂದಲೂ ಅರ್ಧ ಗಂಟೆ ಉರಿದರೆ, ಉಳಿಯುವ ಗಟ್ಟಿ ಮರ 6 ಸೆಂಟಿಮೀಟರಿಗೂ ಕಡಿಮೆ. ಇದರ ಮೇಲೆ, ಆರಿಸಲು ಹೊಡೆದ ನೀರಿನ ಭಾರವೂ ಸೇರುತ್ತದೆ. ನಿಮಿಷಕ್ಕೆ 1,000 ಲೀಟರ್ ನೀರು ಹೋಯಿತೆಂದರೆ, ಹರಿದುಹೋಗಲು ಎಡೆಯಿಲ್ಲದಲ್ಲಿ ನಿಮಿಷಕ್ಕೊಂದು ಟನ್ ಭಾರ ಏರಿದಂತಾಯಿತು.

ಇಷ್ಟು ತಿಳಿದ ಮೇಲೆ, ಕಟ್ಟಡವು ಎಷ್ಟು ಹೊತ್ತಿನಿಂದ ಉರಿಯುತ್ತಿದೆ, ಅದರ ಚೌಕಟ್ಟು ಯಾವುದರದು, ಒಳಗೆ ಶೇಖರಿಸಿದ ಸರಕು ಯಾವುದು ಎಂಬ ವಿವರಗಳು ಅಧಿಕಾರಿಯ ಕೈಯಲ್ಲಿರಬೇಕೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಫೋರ್ಟ್ ಸ್ಟಿಕೀನ್ ಹಡಗಿನ ಸರಕಿನ ಪಟ್ಟಿ ಎಷ್ಟು ಮುಖ್ಯವಾಗಿತ್ತೋ, ಪೇಟೆಯ ಗೋದಾಮಿನ ಸರಕಿನ ಪಟ್ಟಿಯೂ ಅಷ್ಟೇ ಮುಖ್ಯ. ಪರವಾನಗಿ ಇಲ್ಲದ ಗೋದಾಮು, ಬೀಗ ಹಾಕಿದ ತುರ್ತು ದಾರಿ, ಸಾಮಾನು ತುಂಬಿದ ಮೆಟ್ಟಿಲು—ಇವು ನಿವಾಸಿಗಳಿಗೆ ಅಪಾಯ. ಅವರನ್ನು ರಕ್ಷಿಸಲು ಬರುವವರಿಗೆ ಅದಕ್ಕಿಂತಲೂ ಹೆಚ್ಚಿನ ಅಪಾಯ.

ಜ್ವಾಲೆಯಲ್ಲದ ಶತ್ರುಗಳು

ಬೆಂಕಿ ಆರಿಸುವವರು ಸುಟ್ಟ ಗಾಯಗಳಿಂದಲೇ ಸಾಯುತ್ತಾರೆಂಬ ಭಾವನೆ ಜನರಲ್ಲಿ ಇದೆ. ಅಮೆರಿಕದಲ್ಲಿ 1994ರಿಂದ 2004ರವರೆಗಿನ ಮರಣಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೆಯೇ ಸಂಗತಿಯನ್ನು ತೋರಿಸಿತು. ಅಲ್ಲಿ ಕರ್ತವ್ಯದಲ್ಲಿ ಮಡಿಯುವವರಲ್ಲಿ ಶೇಕಡ 45ರಷ್ಟು ಮಂದಿಗೆ ಮೃತ್ಯು ಬರುವುದು ಹೃದಯದ ವ್ಯಾಧಿಯಿಂದ. ಬೆಂಕಿ ಆರಿಸುವ ಕೆಲಸ ಅವರ ಒಟ್ಟು ಕರ್ತವ್ಯಕಾಲದಲ್ಲಿ ಶೇಕಡ 1ರಿಂದ 5ರಷ್ಟು ಮಾತ್ರ. ಹೀಗಿದ್ದೂ ಪರಿಧಮನಿಯ ರೋಗದಿಂದಾದ ಮರಣಗಳಲ್ಲಿ ಶೇಕಡ 32 ಆ ಅಲ್ಪಕಾಲದಲ್ಲಿಯೇ ಸಂಭವಿಸಿದ್ದವು.

ಕಾರಣ ಸ್ಪಷ್ಟ. ನಿದ್ದೆಯಲ್ಲಿದ್ದವನು ಗಂಟೆಯ ಸದ್ದಿಗೆ ಎದ್ದು ಓಡುತ್ತಾನೆ. 20 ಕಿಲೋಗ್ರಾಮಿಗೂ ಮಿಕ್ಕ ಉಡುಪು ಉಪಕರಣಗಳನ್ನು ಹೊತ್ತು ಮೆಟ್ಟಿಲೇರುತ್ತಾನೆ. ಹೊರಗಿನ ಶಾಖವನ್ನು ತಡೆಯುವ ಉಡುಪು ಮೈಯ ಶಾಖವನ್ನೂ ಹೊರಗೆ ಬಿಡುವುದಿಲ್ಲ. ಬೆವರು ಆರದೆ ಮೈ ಕಾಯುತ್ತದೆ, ನೀರು ಕಳೆದುಕೊಂಡ ರಕ್ತ ಗಟ್ಟಿಯಾಗುತ್ತದೆ, ಹೃದಯ ತನ್ನ ಮಿತಿಯನ್ನು ಮುಟ್ಟಿ ಬಡಿಯುತ್ತದೆ. ಅಡಗಿದ್ದ ರೋಗ ಆಗ ಹೊರಬೀಳುತ್ತದೆ. ಇದಕ್ಕೆ ಬೇಕಾದುದು ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ, ದಿನವೂ ವ್ಯಾಯಾಮ, ಬೆಂಕಿಯ ಸ್ಥಳದಲ್ಲಿ ಸರದಿಯ ಮೇಲೆ ವಿಶ್ರಾಂತಿ, ಕುಡಿಯಲು ತಣ್ಣೀರು. ಇಂಥ ಸರಳ ಸಂಗತಿಗಳಿಗೆ ಯಾರೂ ಪದಕ ಕೊಡುವುದಿಲ್ಲವಾದುದರಿಂದಲೇ ಅವು ಅಲಕ್ಷ್ಯಕ್ಕೆ ಗುರಿಯಾಗುತ್ತವೆ.

ಇನ್ನೊಂದು ಶತ್ರು ಮಸಿ. ಲಂಡನ್ನಿನ ಹೊಗೆಗೂಡು ಗುಡಿಸುವ ಹುಡುಗರಿಗೆ ಮುಂದೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲಿಯೇ ಗುರುತಿಸಿದ್ದ. ಆದರೂ ಮಸಿ ಹಿಡಿದ ಉಡುಪು ಶೌರ್ಯದ ಗುರುತೆಂಬ ಭಾವನೆ ಅಗ್ನಿಶಾಮಕರಲ್ಲಿ ಬಹುಕಾಲ ಉಳಿದುಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಕೇಂದ್ರವು ಬೆಂಕಿ ಆರಿಸುವ ವೃತ್ತಿಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಮೊದಲ ವರ್ಗಕ್ಕೆ ಸೇರಿಸಿತು. ಹತ್ತು, ಇಪ್ಪತ್ತು ವರ್ಷಗಳ ಬಳಿಕ ಆಸ್ಪತ್ರೆಯಲ್ಲಿ ಬರುವ ಸಾವಿಗೆ ಏಪ್ರಿಲ್ 14ರ ಹೂಮಾಲೆ ಸಲ್ಲುವುದು ಅಪರೂಪ. ಆದರೆ ಅದೂ ಕರ್ತವ್ಯದಿಂದ ಬಂದ ಸಾವೇ. ಉಡುಪನ್ನು ಒಗೆದು ಶುಚಿಮಾಡುವ ವ್ಯವಸ್ಥೆ, ಪ್ರತಿಯೊಬ್ಬರಿಗೂ ಎರಡನೆಯ ಜೊತೆ ಉಡುಪು, ಬೆಂಕಿ ಆರಿದ ಮೇಲೂ ಹೊಗೆಯಾಡುವ ಬೂದಿಯ ನಡುವೆ ಮುಖವಾಡ ತೆಗೆಯದಿರುವ ಶಿಸ್ತು—ಇವು ಅದನ್ನು ತಡೆಯುವ ಉಪಾಯಗಳು.

ಸಾಹಸವೂ ವಿವೇಕವೂ

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಬೆಂಕಿ ಆರಿಸುವವನು ತನ್ನ ಪ್ರಾಣದ ಲೆಕ್ಕ ಹಾಕುತ್ತ ಕುಳಿತರೆ, ಒಳಗೆ ಸಿಕ್ಕಿಕೊಂಡವರ ಗತಿಯೇನು? ಅಪಾಯಕ್ಕೆ ಅಂಜುವವನು ಈ ವೃತ್ತಿಗೆ ಏಕೆ ಬರಬೇಕು?’ ಎಂದು ಕೇಳುವವರುಂಟು. ಈ ಆಕ್ಷೇಪ ಹಗುರವಾದುದಲ್ಲ. ಇದಕ್ಕೆ ನೇರವಾದ ಉತ್ತರ ಕೊಡಬೇಕು.

1999ರ ಡಿಸೆಂಬರ್ 3ರಂದು ಅಮೆರಿಕದ ವುಸ್ಟರ್ ನಗರದಲ್ಲಿ, ಬಳಕೆ ತಪ್ಪಿದ ಶೀತಲ ಗೋದಾಮಿಗೆ ಬೆಂಕಿ ಹತ್ತಿತು. ಮನೆಯಿಲ್ಲದ ಬಡವರು ಅದರೊಳಗೆ ತಂಗುತ್ತಿದ್ದರೆಂದು ತಿಳಿದು ಭಟರು ಹುಡುಕಲು ಹೋದರು. ಕಿಟಕಿಗಳಿಲ್ಲದ ಕಟ್ಟಡ, ಗೋಡೆಗಳಿಗೆ ಬೆಂಡು ಮತ್ತು ಫೋಮಿನ ಒಳಪದರ, ಕೈ ಕಾಣದಷ್ಟು ಕಪ್ಪು ಹೊಗೆ. ಇಬ್ಬರು ದಾರಿ ತಪ್ಪಿದರು, ಅವರ ಗಾಳಿ ಮುಗಿಯುತ್ತ ಬಂತು. ಅವರನ್ನು ಹುಡುಕಲು ಹೋದವರಲ್ಲಿ ಇನ್ನೂ ನಾಲ್ವರು ಮರಳಲಿಲ್ಲ. ಅನಂತರವೂ ಒಳನುಗ್ಗಲು ಸಿದ್ಧರಾಗಿದ್ದ ಸಂಗಾತಿಗಳನ್ನು ಮೇಲಧಿಕಾರಿಯೊಬ್ಬರು ಬಾಗಿಲಿಗೆ ಅಡ್ಡ ನಿಂತು ತಡೆದರು. ಯಾರಿಗಾಗಿ ಈ ಆರು ಮಂದಿ ಪ್ರಾಣ ತೆತ್ತರೋ ಆ ಬಡವರು ಕಟ್ಟಡವನ್ನು ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಒಳಗೆ ಹೋದವರ ಧೈರ್ಯ ದೊಡ್ಡದು. ಬಾಗಿಲಲ್ಲಿ ನಿಂತು ತಡೆದವರ ಧೈರ್ಯ ಅದಕ್ಕಿಂತ ಕಡಿಮೆಯದಾಗಿತ್ತೆ? ತನ್ನವರು ಒಳಗಿರುವಾಗ ‘ಇನ್ನು ಸಾಕು’ ಎನ್ನುವುದಕ್ಕೆ ಬೇಕಾದ ಎದೆಗಾರಿಕೆ ಸಾಮಾನ್ಯವಾದುದಲ್ಲ. ಆ ನಿರ್ಧಾರವಿಲ್ಲದಿದ್ದರೆ ಮಡಿದವರ ಸಂಖ್ಯೆ ಆರಕ್ಕೆ ನಿಲ್ಲುತ್ತಿರಲಿಲ್ಲವೆಂದು ನಂಬಲು ಕಾರಣವುಂಟು. ಫೀನಿಕ್ಸ್ ನಗರದ ಅಗ್ನಿಶಾಮಕ ಮುಖ್ಯಸ್ಥರಾಗಿದ್ದ ಆಲನ್ ಬ್ರುನಾಸಿನಿ ಪ್ರಚಾರಕ್ಕೆ ತಂದ ಸೂತ್ರದ ತಾತ್ಪರ್ಯ ಹೀಗಿದೆ: ಉಳಿಸಬಹುದಾದ ಜೀವಕ್ಕಾಗಿ ಹೆಚ್ಚಿನ ಅಪಾಯವನ್ನು ಎದುರಿಸಬಹುದು, ಆಸ್ತಿಗಾಗಿ ಸ್ವಲ್ಪ ಅಪಾಯವನ್ನು ಮಾತ್ರ, ಆಗಲೇ ನಷ್ಟವಾದುದಕ್ಕಾಗಿ ಯಾವ ಅಪಾಯವೂ ಸಲ್ಲದು. ಆಕ್ಷೇಪಕ್ಕೆ ಇದೇ ಉತ್ತರ. ಲೆಕ್ಕ ಹಾಕುವವನು ಅಂಜುಬುರುಕನಲ್ಲ. ತನ್ನ ಪ್ರಾಣವನ್ನು ಯಾವುದಕ್ಕೆ ಪಣವಾಗಿಡಬೇಕೆಂಬುದನ್ನು ಅರಿತವನು. ಭಟನು ಮಡಿದರೆ ಒಳಗೆ ಸಿಕ್ಕಿಕೊಂಡವನೂ ಉಳಿಯುವುದಿಲ್ಲ.

ಮರಣದಿಂದ ಪಾಠ

1949ರ ಆಗಸ್ಟ್ 5ರಂದು ಅಮೆರಿಕದ ಮಾಂಟಾನಾ ಪ್ರಾಂತದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಕಾಡ್ಗಿಚ್ಚು 13 ಮಂದಿಯನ್ನು ಬಲಿ ತೆಗೆದುಕೊಂಡಿತು. ಒಣಹುಲ್ಲಿನ ಕಡಿದಾದ ಇಳಿಜಾರಿನಲ್ಲಿ ಬೆಂಕಿ ಅವರನ್ನು ಬೆನ್ನಟ್ಟಿ ಬಂತು. ಇಳಿಜಾರಿನಲ್ಲಿ ಮೇಲಕ್ಕೆ ಏರುವ ಜ್ವಾಲೆ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿಡುವುದರಿಂದ ಬೆಂಕಿಯ ವೇಗ ಹೆಚ್ಚುತ್ತದೆ. ಇಳಿಜಾರು 10 ಡಿಗ್ರಿ ಏರಿದಾಗಲೆಲ್ಲ ವೇಗ ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ಲೆಕ್ಕ. ಮನುಷ್ಯನ ಓಟವಾದರೋ ಏರುದಾರಿಯಲ್ಲಿ ಕುಂಠಿತವಾಗುತ್ತದೆ. ತಂಡದ ನಾಯಕ ವ್ಯಾಗ್ನರ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಅದು ಸುಟ್ಟು ಬರಿದಾದ ಜಾಗದ ಬೂದಿಯಲ್ಲಿ ಮುಖವಡಿಯಾಗಿ ಮಲಗಿದ. ಉರಿಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲವಾಗಿ ಮಹಾಜ್ವಾಲೆ ಅವನನ್ನು ಸುತ್ತಿಕೊಂಡು ಮುಂದೆ ಹೋಯಿತು. ಅವನು ಕೂಗಿ ಕರೆದರೂ ಅದರ ಮರ್ಮ ಉಳಿದವರಿಗೆ ತಿಳಿಯಲಿಲ್ಲ. ಯಾರೂ ಅವರಿಗೆ ಮೊದಲು ಅದನ್ನು ಕಲಿಸಿರಲಿಲ್ಲ.

ಈ ದುರಂತವನ್ನು ಆ ದೇಶದವರು ಶೋಕದೊಡನೆ ಮುಗಿಸಲಿಲ್ಲ. ಕಾಡ್ಗಿಚ್ಚಿನ ಭೌತವಿಜ್ಞಾನವನ್ನು ಅಭ್ಯಾಸಮಾಡಲು ಸಮೀಪದ ಮಿಸೂಲಾ ನಗರದಲ್ಲಿ ಪ್ರಯೋಗಶಾಲೆ ಸ್ಥಾಪನೆಯಾಯಿತು. ಈ ದುರಂತವೂ ಇಂಥ ಇತರ ದುರಂತಗಳೂ ಕಲಿಸಿದುದನ್ನು ಆಧರಿಸಿ 1957ರಲ್ಲಿ ಹತ್ತು ನಿಯಮಗಳನ್ನು ರೂಪಿಸಿದರು. 1998ರಿಂದ ಅಲ್ಲಿಯ ಔದ್ಯೋಗಿಕ ಸುರಕ್ಷತೆಯ ಸಂಸ್ಥೆಯು ಅಗ್ನಿಶಾಮಕರ ಮರಣಗಳನ್ನು ಕುರಿತು ತನಿಖೆ ನಡೆಸಿ ವರದಿಗಳನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತ ಬಂದಿದೆ. ಆ ವರದಿಗಳ ಉದ್ದೇಶ ಯಾರ ಮೇಲೂ ತಪ್ಪು ಹೊರಿಸುವುದಲ್ಲ. ಮುಂದಿನ ಸಾವನ್ನು ತಡೆಯುವುದು. ಇಷ್ಟಾದರೂ 2013ರಲ್ಲಿ ಅರಿಜೋನಾದ ಯಾರ್ನೆಲ್ ಬೆಟ್ಟದಲ್ಲಿ 19 ಮಂದಿ ಒಂದೇ ಗಿಚ್ಚಿಗೆ ಬಲಿಯಾದರೆಂಬುದನ್ನು ಮರೆಯುವಂತಿಲ್ಲ. ಕಲಿತ ಪಾಠವನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕಾಗುತ್ತದೆ.

ನಮ್ಮ ನಾಡಿಗೂ ಈ ಮಾತು ಅನ್ವಯಿಸುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚನ್ನು ಆರಿಸುತ್ತಿದ್ದ ಒಬ್ಬ ಅರಣ್ಯ ರಕ್ಷಕ ಮಡಿದ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಸಮೀಪ ಇನ್ನೊಬ್ಬ ರಕ್ಷಕ ಸುಟ್ಟಗಾಯಗಳಿಂದ ಅಸುನೀಗಿದ. ಹಸಿಸೊಪ್ಪಿನ ಕೊಂಬೆಯನ್ನು ಮುರಿದು ಬೆಂಕಿಯನ್ನು ಬಡಿಯುವ ನಮ್ಮ ಅರಣ್ಯ ಸಿಬ್ಬಂದಿಗೆ, ಏರುಜಾರಿನಲ್ಲಿ ಗಿಚ್ಚಿನ ಮೇಲ್ಗಡೆ ನಿಲ್ಲಬಾರದೆಂಬುದನ್ನೂ, ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕೆಂಬುದನ್ನೂ, ಎತ್ತರದಲ್ಲಿ ಒಬ್ಬ ಕಾವಲುಗಾರ ಇರಬೇಕೆಂಬುದನ್ನೂ ಕೆಲಸಕ್ಕೆ ಇಳಿಸುವ ಮೊದಲು ಕಲಿಸಬೇಡವೆ?

ಆಗಬೇಕಾದುದೇನು?

ನನ್ನ ಅಭಿಪ್ರಾಯದಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಮೊದಲನೆಯದಾಗಿ, ದೇಶದಲ್ಲಿ ಎಲ್ಲಿಯೇ ಆಗಲಿ, ಬೆಂಕಿ ಆರಿಸುವಾಗ ಒಬ್ಬನು ಮಡಿದರೆ, ಆ ದಳಕ್ಕೆ ಸೇರದ ಪರಿಣತರು ವಿಚಾರಣೆ ನಡೆಸಿ, ಕಾರಣಗಳನ್ನು ಎಲ್ಲ ರಾಜ್ಯಗಳ ದಳಗಳಿಗೂ ತಿಳಿಯುವಂತೆ ಅವರವರ ಭಾಷೆಯಲ್ಲಿ ಪ್ರಕಟಿಸಬೇಕು. ಕೂದಲೆಳೆಯಷ್ಟರಲ್ಲಿ ತಪ್ಪಿದ ಅಪಾಯಗಳನ್ನೂ ಶಿಕ್ಷೆಯ ಭಯವಿಲ್ಲದೆ ವರದಿ ಮಾಡುವಂತಿರಬೇಕು. ಎರಡನೆಯದಾಗಿ, ಉಸಿರಾಟದ ಸಾಧನವಾಗಲಿ ಶುಚಿಯಾದ ಉಡುಪಾಗಲಿ ಇಲ್ಲದೆ ಯಾರನ್ನೂ ಹೊಗೆಯೊಳಗೆ ಕಳುಹಿಸಬಾರದು. ಕಳುಹಿಸಿದಾಗ ಇಬ್ಬರಿಗೆ ಕಡಿಮೆಯಿಲ್ಲದಂತೆ ಕಳುಹಿಸಿ, ಅವರ ಗಾಳಿಯ ಲೆಕ್ಕವನ್ನು ಹೊರಗೆ ಇಡಬೇಕು. ಮೂರನೆಯದಾಗಿ, ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ ನಡೆಯಬೇಕು. ನಿವೃತ್ತರಾದವರಿಗೂ ಅದು ಮುಂದುವರಿಯಬೇಕು.

ಇದಕ್ಕೆಲ್ಲ ಹಣವೆಲ್ಲಿಂದ ಎಂದು ಕೇಳುವುದು ಸುಲಭ. ವಿಚಾರಣೆಗೂ ಶಿಸ್ತಿಗೂ ಹೆಚ್ಚು ಹಣ ಬೇಕಾಗಿಲ್ಲ. ಉಳಿದುದಕ್ಕೆ ಬೇಕು; ಆದರೆ ಆ ಖರ್ಚನ್ನು ಉಳಿಸಿದಾಗ ಅದರ ಬೆಲೆಯನ್ನು ತೆರುವವರು ಯಾರೆಂಬುದನ್ನು ಯೋಚಿಸಬೇಕು. ನಮ್ಮ ಮನೆಗೆ ಬೆಂಕಿ ಬಿದ್ದಾಗ ಕರೆದೊಡನೆ ಬರುವ ಆ ಅಪರಿಚಿತನೂ, ಅವನ ಹೆಂಡತಿ ಮಕ್ಕಳೂ ತೆರುತ್ತಾರೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತರು. ಅಲ್ಲಿ ಬೆಂಕಿಗಿಂತ ಹೊಗೆಯೇ ಹೆಚ್ಚು ಕೇಡು ಮಾಡಿತು. ನಿಮ್ಮ ಶಾಲೆ ಕಾಲೇಜುಗಳ ಮೆಟ್ಟಿಲುಗಳು ತೆರವಾಗಿವೆಯೆ, ತುರ್ತು ಬಾಗಿಲಿಗೆ ಬೀಗ ಬಿದ್ದಿದೆಯೆ, ಅಗ್ನಿಶಾಮಕ ವಾಹನ ಅಂಗಳಕ್ಕೆ ಬರಬಲ್ಲುದೆ ಎಂಬುದನ್ನು ನಾಳೆಯೇ ನೋಡಿ. ಸರಿಯಿಲ್ಲದಿದ್ದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಹತ್ತದ ಬೆಂಕಿಯಿಂದ ಯಾವ ಭಟನೂ ಸಾಯುವುದಿಲ್ಲ. ಹತ್ತಿದ ಬೆಂಕಿಯಿಂದಲೂ ಅವನು ಸಾಯದಂತೆ ಮಾಡುವುದಕ್ಕೆ ಬೇಕಾದ ಭೌತವಿಜ್ಞಾನ, ರಸಾಯನವಿಜ್ಞಾನ, ಶರೀರವಿಜ್ಞಾನಗಳು ಬಹುಮಟ್ಟಿಗೆ ನಮ್ಮಲ್ಲಿ ಆಗಲೇ ಇವೆ. ಅವನ್ನು ಠಾಣೆಯ ಅಂಗಳದವರೆಗೆ ಮುಟ್ಟಿಸುವ ಹೊಣೆ ಮಾತ್ರ ಉಳಿದಿದೆ; ಆ ಹೊಣೆ ನಮ್ಮೆಲ್ಲರದು.